ಅಕಿನ್ಯಿ ಬಂದ ವಾರ, ನಾನು ಬರೆದ ವರದಿ

ನಾನು ನಿವೃತ್ತನಾಗುವ ಹಿಂದಿನ ವರ್ಷ, ಫೆಬ್ರುವರಿಯ ಎರಡನೇ ಸೋಮವಾರ, ಬೆಳಿಗ್ಗೆ ಒಂಬತ್ತೂವರೆಗೆ, ಕೀನ್ಯಾ ದೇಶದ ಅಕಿನ್ಯಿ ಎಂಬ ಇಪ್ಪತ್ತಮೂರು ವರ್ಷದ ಯುವತಿ ಅಂಕೋಲಾ ಬಸ್ ನಿಲ್ದಾಣದಲ್ಲಿ ಇಳಿದಳು. ಅವಳನ್ನು ಕರೆದುಕೊಂಡು ಹೋಗಲು ಬಂದಿದ್ದ ವರದಿಗಾರ ತನ್ನ ಹೆಗಲ ಚೀಲವನ್ನು ಅವಳ ಪಕ್ಕದಲ್ಲಿಟ್ಟು, ನೋಡಿಕೊಳ್ಳಲು ಹೇಳಿ, ಬೇರೊಬ್ಬಳನ್ನು ಹಿಂಬಾಲಿಸಿ ಸ್ಕೂಟರಿನಲ್ಲಿ ಹೊರಟುಹೋದ. ಆ ವರದಿಗಾರ ನಾನು.

ಕಾರವಾರದಲ್ಲಿ ಒಂದೇ ಪತ್ರಿಕೆಗೆ ಮೂವತ್ತೊಂದು ವರ್ಷ ಜಿಲ್ಲಾ ಸುದ್ದಿ ಬರೆದವನು ನಾನು. ಈಗ ಆ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಆಗಾಗ ಮನೆಗೆ ಬಂದು, ‘ಸಾರ್, ನಿಮ್ಮ ದೊಡ್ಡ ಸುದ್ದಿ ಯಾವುದು’ ಎಂದು ಕೇಳುತ್ತಾರೆ. ದೊಡ್ಡ ಸುದ್ದಿಗಳನ್ನು ಎಲ್ಲರೂ ಬರೆದಿದ್ದಾರೆ, ನಾನೂ ಅವರ ಹಿಂದೆ ನಿಂತು ಬರೆದಿದ್ದೇನೆ. ನಾನೊಬ್ಬನೇ ಬರೆದದ್ದು, ನಾನೊಬ್ಬನೇ ಕೆಡಿಸಿದ್ದು ಈ ಒಂದು. ಅದನ್ನೇ ಹೇಳುತ್ತೇನೆ.

ಅಂಕೋಲೆಯ ಕಡಲ ಬದಿಯ ಒಂದು ಕೇರಿಯಲ್ಲಿ ಹದಿನೇಳು ಮೀನುಗಾರ ಹೆಂಗಸರು ಸೇರಿ ಒಂದು ಶೆಡ್ ಕಟ್ಟುತ್ತಿದ್ದರು. ಅಲ್ಲಿಯವರೆಗೆ ಅವರು ಒಣಮೀನು ಹರವುತ್ತಿದ್ದುದು ರಸ್ತೆ ಪಕ್ಕದ ಮರಳಿನ ಮೇಲೆ. ಹಿಂದಿನ ವರ್ಷ ಅಕಾಲದಲ್ಲಿ ಸುರಿದ ಒಂದೇ ಮಳೆಗೆ ಎಲ್ಲರ ಮೀನೂ ಹುಳುಬಿದ್ದು ಸಮುದ್ರಕ್ಕೆ ಹೋಗಿತ್ತು. ಪಂಚಾಯಿತಿ ಜಾಗ ಕೊಟ್ಟಿತ್ತು, ಆದರೆ ಒಂದು ಷರತ್ತಿನ ಮೇಲೆ. ಆರು ತಿಂಗಳೊಳಗೆ ಗೋಡೆ ಲಿಂಟಲ್ ಮಟ್ಟಕ್ಕೆ, ಅಂದರೆ ಬಾಗಿಲ ಮೇಲ್ಗಡೆಯ ಅಡ್ಡಪಟ್ಟಿಯ ಎತ್ತರಕ್ಕೆ, ಏರಿರಬೇಕು. ಇಲ್ಲದಿದ್ದರೆ ಜಾಗ ವಾಪಸ್. ವಾಪಸಾದ ಜಾಗದಲ್ಲಿ ಪ್ರವಾಸಿಗರ ಕಾರು ನಿಲ್ಲಿಸುವ ಯೋಜನೆ ಕಾದು ಕುಳಿತಿತ್ತು. ಆರು ತಿಂಗಳು ಮುಗಿಯುವುದು ಆ ವಾರದ ಶನಿವಾರ. ಸೋಮವಾರ ಗೋಡೆ ಇದ್ದದ್ದು ಸೊಂಟದ ಮಟ್ಟಕ್ಕೆ.

ಹೆಂಗಸರ ಮುಂದಾಳು ದೇವಕಿ. ಬೈತಖೋಲದ ಬಂದರಿನಲ್ಲಿ ಬೆಳಗಿನ ಹರಾಜು ಕೂಗುವ ಗಂಡಸರು ಅವಳು ಬಂದಳೆಂದರೆ ದರವನ್ನು ಸ್ವಲ್ಪ ತಗ್ಗಿಸಿ ಕೂಗುತ್ತಿದ್ದರು. ಒಂದು ಸ್ವಯಂಸೇವಾ ಸಂಸ್ಥೆಯವರು ಕಟ್ಟಡ ಕೆಲಸಕ್ಕೆ ಹೊರದೇಶದಿಂದ ಆರು ಜನ ಯುವಕರನ್ನು ಕಳಿಸುತ್ತೇವೆಂದು ಅವಳಿಗೆ ಮಾತು ಕೊಟ್ಟಿದ್ದರು. ಕೊನೆಗೆ ಬರುವುದು ಒಬ್ಬಳೇ ಎಂದು ತಿಳಿಸಿದರು. ಭಾನುವಾರ ದೇವಕಿ ನನಗೆ ಫೋನ್ ಮಾಡಿದಳು.

“ನಾಯ್ಕರೆ, ನಾಳೆ ಫಾರಿನ್‌ದು ಒಂದು ಹುಡುಗಿ ಬತ್ತದೆ. ನಾ ಬಂದರಕ್ಕೆ ಹೋಗೂದು. ನಿಮ್ಗೆ ಇಂಗ್ಲಿಷ್ ಬತ್ತದಲ್ಲ, ಬಸ್‌ಸ್ಟ್ಯಾಂಡಿಂದ ಕರ್ಕಂಡಿ ಬನ್ನಿ. ಹಾಂಗೇ ಒಂದು ಸುದ್ದಿನೂ ಹಾಕಿ.”

ಇಂಗ್ಲಿಷ್, ಸುದ್ದಿ ಎರಡೂ ನನ್ನ ಕೈಯಲ್ಲಿರುವಾಗ ತಪ್ಪಾಗುವುದಕ್ಕೆ ಏನಿದೆ ಎಂದುಕೊಂಡೆ. ರಟ್ಟಿನ ಮೇಲೆ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಅವಳ ಹೆಸರು ಬರೆದು ಚೀಲಕ್ಕೆ ಹಾಕಿಕೊಂಡು ಹೋದೆ. ಚೀಲದಿಂದ ಹೊರಗೆ ತೆಗೆಯಲು ಮರೆತೆ.

ಮಡಗಾಂವ್ ಕಡೆಯ ಬಸ್ಸಿನಿಂದ ಬಿಳಿ ಹುಡುಗಿಯೊಬ್ಬಳು ಇಳಿದಳು. ಬೆನ್ನಿನ ಮೇಲೆ ಅವಳಷ್ಟೇ ಎತ್ತರದ ಚೀಲ. ನಾನು ಕ್ಯಾಮೆರಾ ಎತ್ತಿದೆ, ಅವಳು ನಕ್ಕಳು, ಚಿತ್ರ ಚೆನ್ನಾಗಿ ಬಂತು. ‘ಮೊದಲು ಚಿತ್ರ, ಆಮೇಲೆ ಮಾತು’ ಎಂದು ನನ್ನ ಮೊದಲ ಮುಖ್ಯ ವರದಿಗಾರರು ಕಲಿಸಿದ್ದರು. ಅವರೇ ಕಲಿಸಿದ ಎರಡನೆಯ ಪಾಠ ‘ಹೆಸರು ಕೇಳದೆ ಚಿತ್ರ ಕಳಿಸಬೇಡ’ ಎಂಬುದು. ನಾನು ಮೊದಲ ಪಾಠದಲ್ಲೇ ನಿಂತು ವಾಟ್ಸಾಪಿನಲ್ಲಿ ಹುಬ್ಬಳ್ಳಿ ಡೆಸ್ಕಿಗೆ ಚಿತ್ರ ಕಳಿಸಿಬಿಟ್ಟೆ. ತಲೆ ಎತ್ತುವಷ್ಟರಲ್ಲಿ ಹುಡುಗಿ ಗೋಕರ್ಣ ಬಸ್ ಹತ್ತಿದ್ದಳು, ಬಸ್ ಹೊರಟಿತ್ತು. ಅಯ್ಯೋ, ತಪ್ಪು ಬಸ್ ಹತ್ತಿದಳಲ್ಲ ಎಂದುಕೊಂಡೆ.

ಬೆಂಚಿನ ಮೇಲೆ ಒಬ್ಬ ಕಪ್ಪು ಹುಡುಗಿ ಕುಳಿತಿದ್ದಳು. ನಮ್ಮ ಜಿಲ್ಲೆಯ ಕಾಡಂಚಿನಲ್ಲಿ ಸಿದ್ದಿಗಳು ತಲೆಮಾರುಗಳಿಂದ ಇದ್ದಾರೆ. ಅವರ ಪೂರ್ವಜರು ಆಫ್ರಿಕಾದವರು. ಅವರ ಕನ್ನಡ, ಕೊಂಕಣಿ ನನ್ನದಕ್ಕಿಂತ ಚೆನ್ನಾಗಿದೆ. ಯಲ್ಲಾಪುರದ ಬಸ್ಸಿಗೆ ಅವರು ಅಂಕೋಲೆಯಲ್ಲಿ ಕಾಯುವುದನ್ನು ನಾನು ದಿನವೂ ನೋಡಿದವನು. ಚೀಲವನ್ನು ಅವಳ ಪಕ್ಕದಲ್ಲಿಟ್ಟೆ.

“ತಂಗಿ, ಯಲ್ಲಾಪುರ ಬಸ್ಸಿಗೆ ಇನ್ನೂ ಟೈಮ್ ಅದೆ. ಇದನ್ನ ಸ್ವಲ್ಪ ನೋಡ್ಕಂಡಿರು, ಈಗ ಬಂದೆ.”

ಅವಳು ತಲೆಯಾಡಿಸಿದಳು.

ಹೆದ್ದಾರಿಯಲ್ಲಿ ಏಳೆಂಟು ಕಿಲೋಮೀಟರು ಹೋಗಿ ಬಸ್ ನಿಲ್ಲಿಸಿದೆ. ಬಿಳಿ ಹುಡುಗಿ ಬಹಳ ಸಭ್ಯವಾಗಿ, ತಾನು ಗೋಕರ್ಣದ ಸಮುದ್ರ ದಂಡೆಯಲ್ಲಿ ಮಲಗಲು ಬಂದವಳೆಂದೂ, ಯಾವ ಗೋಡೆಯನ್ನೂ ಕಟ್ಟುವ ಉದ್ದೇಶ ತನಗಿಲ್ಲವೆಂದೂ ಹೇಳಿದಳು. ಬಸ್ಸಿನ ಕಂಡಕ್ಟರ್ ನನ್ನನ್ನು ಬಲ್ಲವನು. “ಮಾರಾಯ್ರೆ, ನಿಮ್ಮ ವಯಸ್ಸಿಗೆ ಇದು ಸರಿಯಾ” ಎಂದ. ಬಸ್ಸಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು.

ನಿಲ್ದಾಣಕ್ಕೆ ಮರಳಿದಾಗ ಬೆಂಚಿನ ಮೇಲಿನ ಹುಡುಗಿ ಅಲ್ಲೇ ಇದ್ದಳು. ನನ್ನ ಚೀಲ ಅವಳ ತೊಡೆಯ ಮೇಲಿತ್ತು. ಚೀಲದಿಂದ ಇಣುಕುತ್ತಿದ್ದ ರಟ್ಟನ್ನು ಹೊರಗೆ ತೆಗೆದು, ತನ್ನ ಹೆಸರು ನನಗೆ ಕಾಣುವಂತೆ, ಎದೆಯ ಎದುರು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ವಿದೇಶಿ ಎಂದರೆ ಬಿಳಿ ಎಂಬುದು ನನ್ನ ತಲೆಯಲ್ಲಿ ಯಾವಾಗ ಅಚ್ಚಾಯಿತೋ ಗೊತ್ತಿಲ್ಲ. ಅಚ್ಚಾಗಿತ್ತು. ಕ್ಷಮೆ ಕೇಳಿದೆ. “ಚೀಲದಲ್ಲಿ ಬಾಳೆಹಣ್ಣು ಇತ್ತು, ಒಂದು ತಿಂದೆ” ಎಂದಳು ಅಕಿನ್ಯಿ. ಎರಡು ದಿನ ಪ್ರಯಾಣ ಮಾಡಿ ಬಂದವಳು ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಅದನ್ನೂ ನಾನು ಕೇಳಿರಲಿಲ್ಲ.

ಅಲ್ಲಿಂದಲೇ ಡೆಸ್ಕಿಗೆ ಫೋನ್ ಮಾಡಿ, ಆ ಚಿತ್ರ ಬಳಸಬೇಡಿ, ಸಂಜೆ ಬೇರೆ ಕಳಿಸುತ್ತೇನೆ ಎಂದೆ. ಫೋನ್ ಎತ್ತಿದವನು “ಆಯ್ತು ಸಾರ್” ಎಂದ. ಹಿಂದೆಲ್ಲ ನಾವು ಫಿಲ್ಮ್ ರೋಲನ್ನು ಲಕೋಟೆಗೆ ಹಾಕಿ, ಇದೇ ನಿಲ್ದಾಣದಲ್ಲಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ತಪ್ಪಾದರೆ ಯಲ್ಲಾಪುರದಲ್ಲಿ ಬಸ್ ಹಿಡಿದು ಲಕೋಟೆ ಇಳಿಸಿಕೊಳ್ಳಲು ಒಂದೂವರೆ ಗಂಟೆ ಸಿಗುತ್ತಿತ್ತು. ಆ ಒಂದೂವರೆ ಗಂಟೆಯಲ್ಲಿ ನನ್ನ ಅರ್ಧ ಮರ್ಯಾದೆ ಉಳಿದಿದೆ.

ಕೇರಿಯಲ್ಲಿ ಹೆಂಗಸರು ಅವಳ ಸುತ್ತ ನಿಂತರು. ಗೋಡೆ ಕಟ್ಟುತ್ತಿದ್ದವನು ಬೊಮ್ಮಯ್ಯ ಮೇಸ್ತ್ರಿ. ಅರುವತ್ತರ ಮೇಲಿನ ಸಣಕಲು ಮನುಷ್ಯ. ಅವನ ಕೈಕೆಳಗೆ ಬೇರೆ ಕಲ್ಲುಕೆಲಸದವರಿರಲಿಲ್ಲ, ಇದ್ದವರೆಲ್ಲ ಗೋವಾಕ್ಕೆ ಹೋಗಿದ್ದರು.

“ಎಂತ ಮಾಡ್ತದಂತೆ ಈ ಬಾಯಿ? ಕೇಳಿ” ಎಂದ ಬೊಮ್ಮಯ್ಯ. ಬಾಯಿ ಎಂದರೆ ನಮ್ಮ ಕಡೆ ಹೆಂಗಸು.

ಕೇಳಿದೆ. ಅಕಿನ್ಯಿ ಗೋಡೆಯ ಕಡೆ ಕೈ ತೋರಿಸುತ್ತ, ನಡುನಡುವೆ ತನ್ನ ಕೈಗಳನ್ನೇ ನೋಡಿಕೊಳ್ಳುತ್ತ, ಎರಡು ನಿಮಿಷ ಮಾತಾಡಿದಳು. ನಲವತ್ತು ಪದದ ಮಾತನ್ನು ನಾಲ್ಕು ಪದಕ್ಕೆ ಇಳಿಸಿ ಮೂವತ್ತು ವರ್ಷ ಸಂಬಳ ತೆಗೆದುಕೊಂಡವನು ನಾನು. ಕನ್ನಡದಲ್ಲಿ ಹೇಳಿದೆ: “ಸಹಾಯ ಮಾಡಲು ಬಂದಿದ್ದಾಳಂತೆ.”

“ಹಾಂಗಾರೆ ಮರಳು ಜರಡಿ ಹಿಡೀಲಿ. ಕಲ್ಲಿಗೆ ನೀರು ಹೊಯ್ಲಿ” ಎಂದು ಬೊಮ್ಮಯ್ಯ ಗೋಡೆ ಕಡೆ ತಿರುಗಿದ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಜರಡಿ ತೆಗೆದುಕೊಂಡಳು.

ಸಂಜೆ ಹೆಂಗಸರ ಜೊತೆ ಕಲ್ಲು ಹೊರುತ್ತಿದ್ದ ಅಕಿನ್ಯಿಯ ಚಿತ್ರ ತೆಗೆದು, ವರದಿಯ ಜೊತೆ ಕಳಿಸಿದೆ. ಅಡಿಬರಹ ಹಾಕಲಿಲ್ಲ. ‘ಅಡಿಬರಹವಿಲ್ಲದ ಚಿತ್ರ ಹೆಸರಿಲ್ಲದ ಹೆಣ’ ಎಂದು ಕಿರಿಯರಿಗೆ ಹೇಳಿಕೊಡುತ್ತಿದ್ದವನು ನಾನೇ.

ಮಂಗಳವಾರ ಬೆಳಿಗ್ಗೆ ಆರೂವರೆಗೆ ದೇವಕಿಯ ಫೋನ್ ಬಂತು.

“ನಾಯ್ಕರೆ, ಪೇಪರ್‌ನಲ್ಲಿ ಇರೂದು ಯಾರು?”

ಪತ್ರಿಕೆ ತೆರೆದೆ. ಜಿಲ್ಲಾ ಪುಟದಲ್ಲಿ ಮೂರು ಕಾಲಮ್ಮಿನ ಚಿತ್ರ. ಗೋಕರ್ಣದಲ್ಲಿ ಮಲಗಲು ಹೋದವಳು ನಗುತ್ತಿದ್ದಳು. ಅಡಿಬರಹ: ‘ಮೀನುಗಾರ ಮಹಿಳೆಯರ ಶೆಡ್ ನಿರ್ಮಾಣಕ್ಕೆ ಬಂದ ಸ್ವಯಂಸೇವಕಿ’. ಮೇಲೆ ತಲೆಬರಹ: ‘ವಿದೇಶಿ ನೆರವಿನಲ್ಲಿ ಏಳಲಿದೆ ಶೆಡ್’. ಡೆಸ್ಕಿಗೆ ಫೋನ್ ಮಾಡಿ ಕೂಗಾಡಿದೆ. ಅಲ್ಲಿದ್ದವನು ತಾಳ್ಮೆಯಿಂದ ಹೇಳಿದ: “ಬೆಳಿಗ್ಗೆ ನೀವು ಹೇಳಿದ್ದು ಹಗಲು ಪಾಳಿಯವರಿಗೆ ಸಾರ್, ಅವರು ನಮಗೆ ತಿಳಿಸಲಿಲ್ಲ. ಎರಡನೇ ಫೋಟೋದಲ್ಲಿ ವಿದೇಶಿಯರೇ ಕಾಣಲಿಲ್ಲ. ಎಲ್ಲ ಸ್ಥಳೀಯರೇ ಇದ್ದರಲ್ಲ.”

ಫೋನ್ ಇಟ್ಟೆ. ಬೆಂಚಿನ ಮೇಲೆ ಕಣ್ಣೆದುರು ಕುಳಿತವಳನ್ನೇ ನೋಡದವನು, ಹುಬ್ಬಳ್ಳಿಯಲ್ಲಿ ಕುಳಿತವನಿಗೆ ಏನೆನ್ನಲಿ? ‘ವಿದೇಶಿ ನೆರವು’ ಎಂಬ ಮಾತಂತೂ ನನ್ನದೇ. ವರದಿಯ ಮೊದಲ ವಾಕ್ಯದಲ್ಲಿ ನಾನೇ ಬರೆದದ್ದು. ಸ್ಥಳೀಯ ದಾನಿಯೊಬ್ಬರು ಕಲ್ಲು ಕೊಡುತ್ತಿದ್ದಾರೆ ಎಂದು ಕೊನೆಯ ಪ್ಯಾರಾದಲ್ಲಿ ಬರೆದಿದ್ದೆ. ಕೊನೆಯ ಪ್ಯಾರಾ ಜಾಗಕ್ಕಾಗಿ ಕತ್ತರಿಸಲ್ಪಡುತ್ತದೆಂದು ಗೊತ್ತಿದ್ದೂ ಅಲ್ಲಿ ಬರೆದಿದ್ದೆ.

ಕೇರಿಗೆ ಹೋದಾಗ ಪತ್ರಿಕೆ ಕೈಯಿಂದ ಕೈಗೆ ಹೋಗುತ್ತಿತ್ತು.

“ಇದು ಬರೂದು ಯಾವಾಗ? ಚಲೋ ಅದೆ ಹುಡುಗಿ” ಎಂದ ಬೊಮ್ಮಯ್ಯ.

“ನಾವು ಆರು ತಿಂಗಳಿಂದ ಹೊತ್ತದ್ದು, ಇವಳು ಬಸ್ಸಿಂದ ಇಳಿದು ಕಟ್ಟಿದ್ಲು” ಎಂದಳು ಒಬ್ಬಳು.

“ತಲೆಮೇಲೆ ಹೊತ್ತದ್ದು ನಾವು, ಬೆನ್ಮೇಲೆ ಹೊತ್ತದ್ದು ಅವಳು. ಪೇಪರ್‌ನವರಿಗೆ ಬೆನ್ನೇ ಕಾಣೂದು” ಎಂದಳು ಇನ್ನೊಬ್ಬಳು.

ಅಕಿನ್ಯಿ ಪತ್ರಿಕೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. “ಇವಳ ಚೀಲ ಚೆನ್ನಾಗಿದೆ” ಎಂದಳು. ಮಡಚಿ ನನಗೇ ಕೊಟ್ಟಳು.

ಇಷ್ಟರಲ್ಲೇ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಹತ್ತು ಗಂಟೆಗೆ ಬರಬೇಕಿದ್ದ ಕೆಂಪು ಚಿರೆಕಲ್ಲಿನ ಲಾರಿ ಬರಲಿಲ್ಲ. ಹನ್ನೆರಡಾಯಿತು. ಇದ್ದ ಕಲ್ಲುಗಳಲ್ಲಿ ಬೊಮ್ಮಯ್ಯ ಇನ್ನೊಂದು ಸಾಲು ಮುಗಿಸಿ, ಕರಣೆ ತೊಳೆದಿಟ್ಟು ಬೀಡಿ ಹಚ್ಚಿದ. ದೇವಕಿ ಲಾರಿ ಡ್ರೈವರಿಗೆ ಫೋನ್ ಹಚ್ಚಿದಳು. ಕಲ್ಲು ಯಾರದೋ ಮನೆಯ ಕಂಪೌಂಡಿಗೆ ಹೋಗಿತ್ತು. ‘ನಿಮ್ಗೆ ಫಾರಿನ್‌ದು ಬಂದದ್ಯಂತಲ್ಲ, ಶೇಟ್ರು ಬೇಡ ಅಂದ್ರು’ ಎಂದನಂತೆ ಡ್ರೈವರ್.

ದೇವಕಿ ಫೋನ್ ಸೆರಗಿನ ಗಂಟಿಗೆ ಸೇರಿಸಿದಳು. ನನ್ನ ಮೇಲೆ ರೇಗಲಿಲ್ಲ. ಗೋಡೆ ನೋಡಿ, “ಇನ್ನೂ ಐದು ಸಾಲು. ಶನಿವಾರಕ್ಕೆ ನಾಕು ದಿನ” ಎಂದಳು. “ಇಲ್ಲಿ ಕಾರು ನಿಂತ್ರೆ ನಾವು ಮೀನು ಎಲ್ಲಿ ಹರವೂದು ನಾಯ್ಕರೆ? ಕಾರಿನ ಮೇಲಾ?”

ಬುಧವಾರ ಬೆಳಿಗ್ಗೆ ಬಾಳೆಗುಳಿಗೆ ಹೋದೆ. ಹೆದ್ದಾರಿ ಕೂಡುವಲ್ಲಿ ವಿಠೋಬ ಶೇಟರ ಕಲ್ಲಿನ ಅಂಗಡಿ. ಒಂದು ಪೈಸೆ ಕೇಳದೆ ಶೆಡ್ಡಿಗೆ ಕಲ್ಲು ಕೊಡಲು ಒಪ್ಪಿದ್ದವರು ಅವರೇ. ಮೇಜಿನ ಮೇಲೆ ನಮ್ಮ ಪತ್ರಿಕೆ ಹರಡಿತ್ತು. ಬಿಳಿ ಹುಡುಗಿಯ ಮುಖದ ಮೇಲೆ ಚಹಾದ ಗ್ಲಾಸು.

“ಬನ್ನಿ ನಾಯ್ಕರೆ. ಕೂತ್ಕಳ್ಳಿ. ಫಾರಿನ್ ಕಲ್ಲು ಹ್ಯಾಂಗೆ ಬಂತು, ಹಡಗಿನಲ್ಲಾ?”

ತಪ್ಪು ನನ್ನದು, ಹೊರಗಿನಿಂದ ಹಣ ಬಂದಿಲ್ಲ, ಬಂದದ್ದು ಒಬ್ಬಳೇ ಹುಡುಗಿ ಎಂದೆ.

“ನೀವು ಈಗ ಬಾಯಲ್ಲಿ ಹೇಳೂದು. ಅಲ್ಲಿ ಅಚ್ಚಾಗಿ ಅದೆ. ನಿನ್ನೆಯಿಂದ ಎಷ್ಟು ಜನ ಕೇಳಿದ್ರು ಗೊತ್ತುಂಟಾ? ಶೇಟ್ರೆ, ಫಾರಿನ್‌ನವರು ಕಟ್ಟಿಸೂದಕ್ಕೆ ನೀವು ಯಾಕೆ ಪುಕ್ಕಟೆ ಕಲ್ಲು ಹಾಕ್ತ್ರಿ ಅಂತ.” ಅವರು ಗ್ಲಾಸನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು. “ನನ್ನ ಆಯಿ ಆ ಕೇರಿಯಿಂದಲೇ ಬುಟ್ಟಿ ಹೊತ್ತು ಇಲ್ಲಿವರೆಗೆ ನಡೀತಿದ್ಲು. ಮಳೆಗಾಲದಲ್ಲಿ ಬುಟ್ಟಿ ನೀರು ಕುತ್ತಿಗೆ ಮೇಲೆ ಇಳೀತಿತ್ತು. ಅವಳ ನೆನಪಿಗೆ ಅಂತ ನಾ ಕೊಟ್ಟದ್ದು. ನನ್ನ ಹೆಸರು ಬ್ಯಾಡ, ಅವಳ ಹೆಸರೂ ಬ್ಯಾಡ. ಕಲ್ಲು ಇಲ್ಲಿದು ಅಂತ ಬರ್ಲಿ. ಬಂದ ದಿನ ಲಾರಿ ಬತ್ತದೆ.”

ಇದು ಅವರು ಹೇಳಿದ ಮಾತು. ಕಲ್ಲು ಕೊಡುತ್ತಿರುವುದು ಯಾಕೆಂದು ನಾನು ಅದಕ್ಕೆ ಮೊದಲು ಅವರನ್ನು ಕೇಳಿರಲಿಲ್ಲ. ದಾನಿ ಎಂದು ಬರೆದು ಮುಂದೆ ಹೋಗಿದ್ದೆ.

ಹೊಸಬರಿಗೆ ಒಂದು ಮಾತು ಹೇಳಬೇಕು. ಮುಖಪುಟಕ್ಕೆ ಸುದ್ದಿ ಹಾಕಿಸುವುದು ಸುಲಭ. ತಿದ್ದುಪಡಿ ಹಾಕಿಸುವುದು ಬಹಳ ಕಷ್ಟ. ನಮ್ಮ ಸುದ್ದಿ ಸಂಪಾದಕರು ನನಗಿಂತ ಹತ್ತು ವರ್ಷ ಚಿಕ್ಕವರು. “ಯಾರೂ ದೂರು ಕೊಟ್ಟಿಲ್ಲವಲ್ಲ ನಾಯ್ಕರೇ, ಸುಮ್ಮನಿರಿ” ಎಂದರು. ನಾನು ದೂರು ಕೊಡುತ್ತಿದ್ದೇನೆ ಎಂದೆ. ನಿಮ್ಮ ಮೇಲೆ ನೀವೇ ಹೇಗೆ ಕೊಡುತ್ತೀರಿ ಎಂದರು. ಅರ್ಧ ಗಂಟೆ ಇದೇ ಆಯಿತು. ಕೊನೆಗೆ ಏಳನೇ ಪುಟದಲ್ಲಿ, ತೆಂಗಿನಕಾಯಿ ಹರಾಜಿನ ಪ್ರಕಟಣೆಯ ಕೆಳಗೆ, ಮೂರು ಸಾಲಿನ ಜಾಗ ಸಿಕ್ಕಿತು. ಎರಡು ಗಂಟೆ ಕುಳಿತು ಹದಿನಾರು ಪದ ಬರೆದೆ: ‘ಮಂಗಳವಾರ ಪ್ರಕಟವಾದ ಚಿತ್ರದಲ್ಲಿರುವವರು ಸ್ವಯಂಸೇವಕಿ ಅಲ್ಲ. ಶೆಡ್‌ಗೆ ವಿದೇಶಿ ಹಣ ಬಂದಿಲ್ಲ; ಕಲ್ಲು ಬಾಳೆಗುಳಿಯದು, ದುಡಿಮೆ ಕೇರಿಯ ಹೆಂಗಸರದು. ತಪ್ಪಿಗೆ ವಿಷಾದಿಸುತ್ತೇವೆ.’ ಸ್ವಯಂಸೇವಕಿ ಯಾರೆಂದು ಅದರಲ್ಲೂ ಇಲ್ಲ. ಅಚ್ಚಾದ ಮೇಲೆ ಗಮನಕ್ಕೆ ಬಂತು.

ಗುರುವಾರ ಒಂಬತ್ತು ಗಂಟೆಗೆ ಲಾರಿ ಬಂತು. ವಿಠೋಬ ಶೇಟರು ಡ್ರೈವರಿನ ಪಕ್ಕ ಕುಳಿತು ತಾವೇ ಬಂದಿದ್ದರು. ಇಳಿಯಲಿಲ್ಲ. ಕಿಟಕಿಯಿಂದ ಗೋಡೆಯನ್ನು ನೋಡಿ ಹೋದರು.

ಕಲ್ಲು ಬಂತು, ದಿನ ಹೋಗಿತ್ತು. ಬೊಮ್ಮಯ್ಯ ಬೆರಳು ಮಡಚಿ ಲೆಕ್ಕ ಹಾಕಿದ. “ನಾ ಒಬ್ಬನೇ ದಿನಕ್ಕೆ ಒಂದು ಸಾಲು. ಹೆಚ್ಚಂದ್ರೆ ಒಂದೂಕಾಲು. ಐದು ಸಾಲು ಶನಿವಾರಕ್ಕೆ ಆಗೂದಿಲ್ಲ ದೇವಕಿ. ಇನ್ನೊಂದು ಕೈ ಬೇಕು.”

ಗೋವಾಕ್ಕೆ ಹೋದವರಿಗೆ ಫೋನ್ ಮಾಡಿದರು. ಯಾರೂ ಬರುವಂತಿರಲಿಲ್ಲ. ದೇವಕಿ ಆ ಹೊತ್ತು ಅಕಿನ್ಯಿಯನ್ನೇ ನೋಡುತ್ತಿದ್ದಳು. ಅಕಿನ್ಯಿ ಲಾರಿಯಿಂದ ಇಳಿದ ಕಲ್ಲುಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ಎರಡು ಗುಂಪು ಮಾಡುತ್ತಿದ್ದಳು.

“ನಾಯ್ಕರೆ, ಇಲ್ಲಿ ಬನ್ನಿ. ಅದರ ಕೈ ನೋಡಿ. ಜರಡಿ ಹಿಡಿಯೂ ಕೈ ಅಲ್ಲ ಅದು.”

ನೋಡಿದೆ. ಹೆಬ್ಬೆರಳು, ತೋರುಬೆರಳ ನಡುವೆ ದಪ್ಪ ಜಡ್ಡು ಕಟ್ಟಿತ್ತು. ಬೊಮ್ಮಯ್ಯನ ಕೈಯಲ್ಲಿ ಇದ್ದಲ್ಲೇ ಅವಳಿಗೂ ಇತ್ತು.

“ಸೋಮವಾರ ಅದು ಇಷ್ಟುದ್ದ ಮಾತಾಡ್ತು” ದೇವಕಿ ಎರಡೂ ಕೈ ಚಾಚಿ ತೋರಿಸಿದಳು. “ನೀವು ಹೇಳದ್ದು ಇಷ್ಟೇ.” ಎರಡು ಬೆರಳ ನಡುವೆ ಸಿಗಡಿಯಷ್ಟು ಜಾಗ. “ಉಳದದ್ದು ಎಲ್ಲಿ ಹೋಯ್ತು?”

ಮೂವತ್ತೊಂದು ವರ್ಷದಲ್ಲಿ ಯಾವ ಸಂಪಾದಕರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಅಕಿನ್ಯಿಯ ಹತ್ತಿರ ಹೋಗಿ, ಸೋಮವಾರದ ಮಾತನ್ನು ಮತ್ತೊಮ್ಮೆ ಹೇಳಲು ಕೇಳಿದೆ. ಈ ಸಲ ಪ್ರತಿ ವಾಕ್ಯಕ್ಕೂ ಅವಳನ್ನು ನಿಲ್ಲಿಸಿ ಕನ್ನಡದಲ್ಲಿ ಹೇಳಿದೆ. ಅವಳ ಊರು ದೊಡ್ಡ ಸರೋವರದ ದಡದ ಮೀನುಗಾರರ ಪಟ್ಟಣ. ಅಪ್ಪ ಗೋಡೆ ಕಟ್ಟುವ ಮೇಸ್ತ್ರಿ. ಹದಿನಾರನೇ ವಯಸ್ಸಿನಿಂದ ಅಪ್ಪನ ಜೊತೆ ಕಲ್ಲು ಇಟ್ಟಿದ್ದಾಳೆ. ಅಪ್ಪ ಹೋದ ಮೇಲೆ ನಾಲ್ಕು ವರ್ಷ ಒಬ್ಬಳೇ ಗುತ್ತಿಗೆ ಹಿಡಿದು ಎರಡು ಶಾಲೆಗಳ ಗೋಡೆ ಕಟ್ಟಿದ್ದಾಳೆ. ಇಲ್ಲಿಯ ಈ ಕೆಂಪು ಕಲ್ಲನ್ನು ನೋಡಿರಲಿಲ್ಲ, ಅದರ ಕೆಲಸ ಕಲಿಯಬೇಕು ಎಂದೇ ಈ ಜಾಗ ಆರಿಸಿಕೊಂಡಳು.

ಕೊನೆಯ ವಾಕ್ಯ ಹೇಳುವಷ್ಟರಲ್ಲಿ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು.

ಬೊಮ್ಮಯ್ಯ ಬೀಡಿ ಎಸೆದ. ತನ್ನ ಎರಡನೇ ಕರಣೆಯನ್ನು ಅವಳ ಕೈಗೆ ಕೊಟ್ಟು, ಸಮುದ್ರದ ಕಡೆಯ ಮೂಲೆ ತೋರಿಸಿದ. ಅವಳು ಗಾರೆ ಹಾಕಿ, ಒಣಕಲ್ಲೊಂದನ್ನು ಎತ್ತಿದಳು.

“ಏ, ನಿಲ್ಸು” ಎಂದ ಬೊಮ್ಮಯ್ಯ. “ಅದಕ್ಕೆ ಹೇಳಿ ನಾಯ್ಕರೆ, ಚಿರೆಕಲ್ಲು ಬಾಯಾರಿದ ಕಲ್ಲು. ನೀರು ಕುಡಸದೆ ಇಟ್ರೆ ಗಾರೆದು ನೀರೆಲ್ಲ ಕುಡದುಬಿಡ್ತದೆ. ಗೋಡೆ ನಾಳೆ ಅಲ್ಲಾಡ್ತದೆ. ಪೂರ್ತಿ ಹೇಳಿ. ನಿಮ್ಮ ಪೇಪರ್‌ಗೆ ಹೇಳಿದಾಂಗೆ ಹೇಳೂದಲ್ಲ.”

ಪೂರ್ತಿ ಹೇಳಿದೆ. ಕೊನೆಯ ವಾಕ್ಯವನ್ನೂ ಬಿಡಲಿಲ್ಲ. ಅಕಿನ್ಯಿ ನಕ್ಕಳು. ಎರಡು ದಿನ ಕಲ್ಲಿಗೆ ನೀರು ಹೊಯ್ದದ್ದು ಯಾಕೆಂದು ಈಗ ಗೊತ್ತಾಯಿತು ಎಂದಳು. ಕಲ್ಲಿಗೆ ನೀರು ಕುಡಿಸಿ ತಂದು ಮೂಲೆ ಹಿಡಿದಳು. ಬೊಮ್ಮಯ್ಯ ತೂಗುಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದ. ಮತ್ತೊಂದು ಕಡೆಯಿಂದ ನೋಡಿದ. ಏನೂ ಹೇಳದೆ ತನ್ನ ಮೂಲೆಗೆ ಹೋದ. ಅವನು ಮಾತಾಡದಿದ್ದರೆ ಸರಿಯಿದೆ ಎಂದರ್ಥ ಎಂದು ದೇವಕಿ ಹೇಳಿದಳು. ಅದನ್ನೂ ಅನುವಾದಿಸಿದೆ.

ಅಂದಿನಿಂದ ನನ್ನ ಕೆಲಸ ಎರಡು ಮೂಲೆಗಳ ನಡುವೆ ಓಡಾಡುವುದು. ಒಂದು ಮೂಲೆಯಿಂದ ದಾರದ ಮಾತು, ಇನ್ನೊಂದರಿಂದ ಗಾರೆಯ ಮಾತು. ಬೊಮ್ಮಯ್ಯನ ಬೈಗುಳಕ್ಕೆ ಇಂಗ್ಲಿಷಿನಲ್ಲಿ ಪದ ಸಿಗದಾಗ ಅಕಿನ್ಯಿ ಕಾಯುತ್ತ ನಿಲ್ಲುತ್ತಿದ್ದಳು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅವರಿಗೆ ನಾನು ಬೇಕಾಗಲಿಲ್ಲ. ಬೆರಳು, ದಾರ, ಕರಣೆಯ ತುದಿ ಸಾಕಾಗುತ್ತಿತ್ತು. “ಮೇಸ್ತ್ರಿ ಬಾಯಿ, ದಾರ” ಎಂದು ಬೊಮ್ಮಯ್ಯ ಕೂಗಿದರೆ ದಾರ ಹಾರಿ ಬರುತ್ತಿತ್ತು. ‘ಈ ಬಾಯಿ’ ಯಾವಾಗ ‘ಮೇಸ್ತ್ರಿ ಬಾಯಿ’ ಆಯಿತೆಂದು ನಾನು ಗುರುತು ಹಾಕಿಕೊಂಡಿಲ್ಲ. ವರದಿಗಾರನಾಗಿ ಹಾಕಿಕೊಳ್ಳಬೇಕಿತ್ತು.

ಕೈ ಖಾಲಿಯಾದ ನನ್ನನ್ನು ನೋಡಿ ಬೊಮ್ಮಯ್ಯ, “ಪೇಪರ್‌ನವರು ಒಂದು ಕಲ್ಲು ಇಡ್ಲಿ” ಎಂದ. ಬಾಗಿಲ ಬಲಗಡೆ, ಎದೆ ಮಟ್ಟದಲ್ಲಿ, ನಾನೊಂದು ಕಲ್ಲು ಇಟ್ಟೆ. ಎರಡು ಬೆರಳಿನಷ್ಟು ಹೊರಗೆ ಚಾಚಿ ಕುಳಿತಿತು. ಅಕಿನ್ಯಿ ಕಿತ್ತು ಸರಿಯಾಗಿ ಇಡಲು ಬಂದಳು. ಬೊಮ್ಮಯ್ಯ ತಡೆದ.

“ಇರ್ಲಿ ಬಿಡು. ಬೀಳೂದಿಲ್ಲ. ಕಾಣ್ತಾ ಇರ್ಬೇಕು ಅದು.”

ಈ ಮಾತನ್ನು ನಾನು ಅನುವಾದಿಸಲಿಲ್ಲ. ಅವಳಿಗೆ ಅರ್ಥವಾಗಿತ್ತು.

ಶನಿವಾರ ಹನ್ನೊಂದು ಗಂಟೆಗೆ ಅಳತೆಗೆ ಅಧಿಕಾರಿ ಬಂದರು. ಮೂರು ಕಡೆ ಗೋಡೆ ಲಿಂಟಲ್ ಮಟ್ಟ ಮುಟ್ಟಿತ್ತು. ಸಮುದ್ರದ ಕಡೆ ಇನ್ನೂ ಒಂದು ಸಾಲು ಪೂರ್ತಿ ಬಾಕಿ. ಅಧಿಕಾರಿ ಬಯಲುಸೀಮೆಯವರು, ಒಳ್ಳೆಯವರು, ಆದರೆ ನಿಯಮದ ಮನುಷ್ಯ. ಟೇಪು ಬಿಚ್ಚುತ್ತಲೇ ನಾಲ್ಕನೇ ಗೋಡೆಯತ್ತ ನೋಡಿದರು.

“ಬಿಸಿಲಲ್ಲಿ ಬಂದ್ರಿ ಸಾಹೇಬ್ರೆ. ಊಟ ಮಾಡದೆ ಅಳತೆ ಮಾಡೂ ಪದ್ಧತಿ ನಮ್ಮ ಕೇರಿಯಲ್ಲಿಲ್ಲ” ಎಂದಳು ದೇವಕಿ.

ಮೀನು ತಿನ್ನುತ್ತೀರಾ ಎಂದು ಕೇಳಿದಳು. ಇಷ್ಟ ಎಂದರು. ಅವಳ ಮನೆಯಲ್ಲಿ ಅಂದು ಬೆಳಿಗ್ಗೆ ತಂದ ದೊಡ್ಡ ಇಸವಾಣ ಇತ್ತು. ಒಂದೇ ನಡುಮುಳ್ಳಿನ ಮೀನು, ಐದು ನಿಮಿಷದಲ್ಲಿ ತಿಂದು ಏಳಬಹುದು. ನಾನದನ್ನು ಕಣ್ಣಾರೆ ನೋಡಿದ್ದೆ. ದೇವಕಿ ಅದನ್ನು ಮುಟ್ಟಲಿಲ್ಲ. ಮೈತುಂಬ ಕೂದಲಿನಂಥ ಮುಳ್ಳು ಇರುವ, ನಾವೇ ಹೆದರಿ ತಿನ್ನುವ ಸಣ್ಣ ಮೀನನ್ನು ಗರಿಗರಿಯಾಗಿ ಹುರಿದು, ಒಂದು ತಟ್ಟೆ ತುಂಬ ಬಡಿಸಿದಳು. ಎದುರಿಗೇ ಕುಳಿತಳು.

“ನಿಧಾನಕ್ಕೆ ತಿನ್ನಿ ಸಾಹೇಬ್ರೆ. ಅವಸರ ಮಾಡಿದ್ರೆ ಗಂಟಲಲ್ಲಿ ಕೂತ್ಕಳ್ತದೆ. ಬಿಟ್ರೆ ನಮ್ಗೆ ಬೇಜಾರು.”

ಸಾಹೇಬರು ಒಂದೊಂದೇ ಮುಳ್ಳನ್ನು ಬೆರಳಲ್ಲಿ ಹುಡುಕಿ, ಬೆಳಕಿಗೆ ಹಿಡಿದು, ತಟ್ಟೆಯ ಅಂಚಿನಲ್ಲಿ ಜೋಡಿಸಿದರು. ರುಚಿ ಚೆನ್ನಾಗಿದೆ ಎಂದರು. ದೇವಕಿ ಮತ್ತೆರಡು ಹಾಕಿದಳು. ಹೊರಗಿನಿಂದ ಕರಣೆಯ ಸದ್ದು ಎರಡು ಕಡೆಯಿಂದ ಬರುತ್ತಿತ್ತು. ನನಗೆ ಕೊಟ್ಟ ಕೆಲಸ ಸಾಹೇಬರಿಗೆ ಜಿಲ್ಲೆಯ ಇತಿಹಾಸ ಹೇಳುವುದು. ಈ ಒಂದು ಸಲ ನಾನು ಏನನ್ನೂ ಸಂಕ್ಷೇಪಿಸಲಿಲ್ಲ.

ಅವರು ಕೈ ತೊಳೆದು ಹೊರಗೆ ಬಂದಾಗ ಒಂದೂಕಾಲು. ಬೊಮ್ಮಯ್ಯ ಒಂದು ತುದಿಯಿಂದ, ಅಕಿನ್ಯಿ ಇನ್ನೊಂದರಿಂದ ಬಂದು ನಡುವಿನ ಕೊನೆಯ ಕಲ್ಲನ್ನು ಕೂರಿಸುತ್ತಿದ್ದರು. ಸಾಹೇಬರು ಟೇಪು ಹಿಡಿದರು. ಗೋಡೆಯ ಮೇಲೆ ಬೆರಳಿಟ್ಟರು, ಬೆರಳಿಗೆ ಗಾರೆ ಹತ್ತಿತು. ಬೆರಳನ್ನೂ ಗೋಡೆಯನ್ನೂ ದೇವಕಿಯನ್ನೂ ಒಮ್ಮೆ ನೋಡಿದರು. ಕರವಸ್ತ್ರದಲ್ಲಿ ಒರೆಸಿಕೊಂಡು, ‘ನಾಲ್ಕೂ ಕಡೆ ಲಿಂಟಲ್ ಮಟ್ಟ’ ಎಂದು ಬರೆದು ಸಹಿ ಹಾಕಿದರು. ಗಾರೆ ಹಸಿಯಿತ್ತೇ ಒಣಗಿತ್ತೇ ಎಂದು ಬರೆಯುವ ಜಾಗ ಆ ಕಾಗದದಲ್ಲಿರಲಿಲ್ಲ. ಮೀನಿನ ವಿಷಯವನ್ನು ನಾನೂ ಆಗ ವರದಿ ಮಾಡಲಿಲ್ಲ.

ಭಾನುವಾರ ಕೆಲಸಕ್ಕೆ ರಜೆ. ಬೆಳಿಗ್ಗೆ ದೇವಕಿ ಅಕಿನ್ಯಿಯನ್ನು ಬೈತಖೋಲದ ಹರಾಜಿಗೆ ಕರೆದುಕೊಂಡು ಹೋಗಿದ್ದಳು. ಮರಳಿ ಬಂದ ಮೇಲೆ ನಾನು ನೋಟ್‌ಬುಕ್ ಹಿಡಿದು, ಪರದೇಶದಲ್ಲಿ ನಿನ್ನ ಮೊದಲ ವಾರ ಹೇಗಿತ್ತು ಎಂದು ಕೇಳಿದೆ. ಅವಳು ಮುಕ್ಕಾಲು ಗಂಟೆ ಮಾತಾಡಿದಳು. ನಮ್ಮ ಚಿರೆಕಲ್ಲಿನ ಬಗ್ಗೆ, ಅವರೂರಿನಲ್ಲಿ ಮೀನನ್ನು ನೆಲದಿಂದ ಎತ್ತರದ ಬಲೆಯ ಮಂಚದ ಮೇಲೆ ಒಣಗಿಸುವ ಬಗ್ಗೆ, ಇಲ್ಲಿಯ ಶೆಡ್ಡಿನಲ್ಲೂ ಹಾಗೆ ಮಾಡಬಹುದು ಎಂಬ ಬಗ್ಗೆ. ತನಗೆ ಅತಿ ಕಷ್ಟವಾದದ್ದು ಊಟವಲ್ಲ, ಬಿಸಿಲಲ್ಲ, ಕೆಲಸ ಗೊತ್ತಿದ್ದೂ ಮೂರು ದಿನ ಜರಡಿ ಹಿಡಿದದ್ದು ಎಂದಳು. ಎಲ್ಲವನ್ನೂ ಬರೆದುಕೊಂಡೆ, ಎಲ್ಲವನ್ನೂ ಕಳಿಸಿದೆ. ಚಿತ್ರಕ್ಕೆ ಅಡಿಬರಹ ಹಾಕಿ, ಅದರಲ್ಲಿ ಎಡದಿಂದ ಎಷ್ಟನೆಯವಳು ಎಂದೂ ಬರೆದೆ.

ಡೆಸ್ಕಿನವರು ನಾಲ್ಕು ವಾಕ್ಯ ಹಾಕಿದರು. ಹೆಸರು ಸರಿಯಿತ್ತು.

ಅಕಿನ್ಯಿ ಮೂರು ತಿಂಗಳಿದ್ದು ಮೇ ತಿಂಗಳಲ್ಲಿ ಊರಿಗೆ ಹೋದಳು. ಮಳೆಗೆ ಮೊದಲು ಶೆಡ್ಡಿಗೆ ಚಾವಣಿ ಹೊದೆಸಿ ಆಯಿತು. ಬಲೆಯ ಮಂಚಗಳು ಒಳಗೆ ಎರಡು ಸಾಲಿವೆ. ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಶೆಡ್ಡಿನ ಸುದ್ದಿ ಹುಡುಕಿದರೆ ಈಗಲೂ ಮೊದಲು ಸಿಗುವುದು ಆ ಬಿಳಿ ಹುಡುಗಿಯ ಚಿತ್ರ.

ಕಳೆದ ಸೋಮವಾರ ಅಲ್ಲಿಗೆ ಹೋಗಿದ್ದೆ. ಒಳಗೆ ಹನ್ನೊಂದು ಹೆಂಗಸರು ಮೀನು ಮಗುಚುತ್ತಿದ್ದರು. ಬಾಗಿಲ ಬಲಗಡೆ, ಎದೆ ಮಟ್ಟದಲ್ಲಿ, ಎರಡು ಬೆರಳು ಹೊರಗೆ ಚಾಚಿದ ಕಲ್ಲಿನ ಮೇಲೆ ದೇವಕಿಯ ಚಹಾದ ಗ್ಲಾಸು ಇತ್ತು.